ಬೆಳಗಿನ ಮೊದಲ ಪಾಠ

ನೀಲಾಂಬಿಕಾ ಮಗಳನ್ನು ಶಾಲೆ ಬಿಡಿಸಿದಳೆಂಬ ಸುದ್ದಿ ಸಿಡ್ಕೊ ಕಾಲೊನಿಯಲ್ಲಿ ಹಬ್ಬಲು ಒಂದು ಹಗಲೂ ಬೇಕಾಗಲಿಲ್ಲ. ಸಂಜೆಯೊಳಗೆ ಹಾಲಿನವನಿಗೂ ಗೊತ್ತಾಗಿತ್ತು. ಆರು ವರ್ಷದ ಹುಡುಗಿ, ಇಂಗ್ಲಿಷ್ ಶಾಲೆ, ಅಂಥದ್ದನ್ನು ನಡುವರ್ಷದಲ್ಲಿ ಬಿಡಿಸಿ ಮನೆಯಲ್ಲೇ ಕಲಿಸುತ್ತಾಳಂತೆ! ಜನ ಬಾಯಿಗೆ ಬೀಗ ಹಾಕಿಕೊಂಡು ಕೂತಾರೆಯೇ? ಆಡಿದರು. ನೀಲಾಂಬಿಕಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಳ್ಳುವ ಹೆಣ್ಣೂ ಅಲ್ಲ ಅವಳು. ಬೀದರ್ ಜಿಲ್ಲೆಯ ಭಾಲ್ಕಿಯಲ್ಲಿ ಡಿ.ಎಡ್ ಮುಗಿಸಿ, ಮದುವೆಗೆ ಮುಂಚೆ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿದವಳು. ಮಕ್ಕಳು ಅವಳ ಹಿಂದೆ ಹಿಂದೆ ಓಡಾಡುತ್ತಿದ್ದ ಕಾಲ ಅದು. ಗುರುಬಸವನನ್ನು ಕಟ್ಟಿಕೊಂಡು ಛತ್ರಪತಿ ಸಂಭಾಜಿನಗರಕ್ಕೆ ಬಂದ ಮೇಲೆ ಆ ವಿದ್ಯೆಯೆಲ್ಲ ಟ್ರಂಕಿನ ತಳ ಸೇರಿತ್ತು. ಗಂಡನಿಗೆ ಗುಲ್‌ಮಂಡಿಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಮನೆಯಲ್ಲಿ ಅತ್ತೆ ಸಂಗಮ್ಮ. ಮರಾಠಿ ಊರಿನಲ್ಲಿ ಕನ್ನಡ ಟೀಚರನ್ನು ಯಾರು ಮೂಸಿ ನೋಡುತ್ತಾರೆ? ಹತ್ತು ವರ್ಷ ರೊಟ್ಟಿ ಬಡಿದು, ಒಗೆದು, ಒಣಹಾಕಿ, ತಾನೊಬ್ಬಳು ಟೀಚರಾಗಿದ್ದೆ ಎಂಬುದು ಅವಳಿಗೇ ಸುಳ್ಳೆನಿಸತೊಡಗಿತ್ತು.

ಅಷ್ಟರಲ್ಲಿ ಮಗಳು ಅಲಕಾಳ ಶಾಲೆಯಿಂದ ಕರೆ ಬಂತು. ಮ್ಯಾಡಂ ಕೆಟ್ಟವಳೇನಲ್ಲ, ಆದರೆ ಬಿಡುವಿಲ್ಲದವಳು. ನಿಮ್ಮ ಹುಡುಗಿ ಬೋರ್ಡು ನೋಡುತ್ತ ನೋಡುತ್ತ ಎಲ್ಲೋ ಹೋಗಿಬಿಡುತ್ತಾಳೆ, ಹೆಸರು ಹಿಡಿದು ಕರೆದರೂ ಓಗೊಡುವುದಿಲ್ಲ, ಆಮೇಲೆ ಏನೂ ಆಗದವಳ ಹಾಗೆ ಪೆನ್ಸಿಲ್ ಎತ್ತಿಕೊಳ್ಳುತ್ತಾಳೆ ಎಂದಳು. ಹಾಗೆಂದು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದಳು. ಕನ್ನಡ ಎಂದಳು ನೀಲಾಂಬಿಕಾ. "ಅದಕ್ಕೇ ಮತ್ತೆ," ಎಂದು ಮ್ಯಾಡಂ ಮುಂದಿನ ತಾಯಿಯನ್ನು ಕರೆದಳು.

ಆ ಒಂದು "ಅದಕ್ಕೇ" ಇಡೀ ಮನೆಗೆ ಸಾಕಾಯಿತು. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಟೀವಿಯಲ್ಲಿ ಹಿಂದಿ. ಪಾಪ, ಕೂಸಿನ ತಲೆ ಕಲಸುಮೇಲೋಗರವಾಗಿದೆ ಎಂದು ಎಲ್ಲರೂ ಒಪ್ಪಿದರು. ಬೀದರ್, ಕಲಬುರಗಿ ಕಡೆಯಿಂದ ಬಂದ ಮನೆಗಳಲ್ಲಿ ಮಗು ತಡವಾಗಿ ಮಾತಾಡಿದರೂ ಇದೇ ಕಾರಣ, ಮಾತಾಡದಿದ್ದರೂ ಇದೇ ಕಾರಣ. ಡಾಕ್ಟರ ಹತ್ತಿರ ಹೋಗುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಭಾಷೆಗೆ ಯಾವ ಡಾಕ್ಟರು ಔಷಧ ಕೊಡುತ್ತಾನೆ?

"ಒಂದು ವರ್ಷ ನನ್ನ ಕೈಗಿ ಕೊಡ್ರಿ," ಎಂದಳು ನೀಲಾಂಬಿಕಾ ಗಂಡನಿಗೆ. "ಮನ್ಯಾಗೇ ಕಲಸ್ತೀನಿ. ಒಂದ್ ಭಾಷಾ ಗಟ್ಟಿ ಆತಂದ್ರ ಉಳದದ್ದು ತಾನೇ ಬರ್ತದ. ಈ ಹುಡುಗಿನ್ ತಯಾರ್ ಮಾಡ್ಲಿಲ್ಲಂದ್ರ ನನ್ನ ಟೀಚರಿಕಿ ಸುಳ್ಳ್ ನೋಡ್ರಿ."

ಗುರುಬಸವ ತಲೆ ಕೆರೆದುಕೊಂಡು ಹೂಂ ಎಂದ. ಹೂಂ ಎನ್ನುವುದು ಅವನ ಹುಟ್ಟುಗುಣ.

ಸಂಕ್ರಾಂತಿ ಮುಗಿದ ವಾರ ಅವಳು ಬಿಳಿ ಡ್ರಾಯಿಂಗ್ ಹಾಳೆ ತಂದು ನಡುಮನೆಯಲ್ಲಿ ಹಾಸಿ ಕೂತಳು. ಎಷ್ಟು ವರ್ಷದ ಮೇಲೆ ಸ್ಕೇಲು ಹಿಡಿದ ಕೈ! ಗೆರೆ ಎಳೆಯುವಾಗ, ಸುಳ್ಳೇಕೆ, ಕಣ್ಣು ತುಂಬಿತು. ಆಮೇಲೆ ದಿನದ ಪಾಠಗಳನ್ನು ಬರೆಯುತ್ತ ಹೋದಳು. ತಟ್ಟೆಯಲ್ಲಿ ರವೆ ಹರಡಿ ಅಕ್ಷರ ತಿದ್ದಿಸುವುದು. ಅಂಗಡಿಯಿಂದ ತಂದ ಹಳೇ ಮುಚ್ಚಳಗಳಿಂದ ಕೂಡುವುದು, ಕಳೆಯುವುದು. ರೊಟ್ಟಿ ಬಡಿಯುತ್ತ ದುಂಡು, ಅರ್ಧ, ಕಾಲು. ಮಧ್ಯಾಹ್ನ ಪಕ್ಕದ ಮನೆಯ ರುಕ್ಮಿಣಿಬಾಯಿಯ ಹತ್ತಿರ ಮರಾಠಿ ಕತೆ. ಸಂಜೆ ವಚನ ಬಾಯಿಪಾಠ. ಶನಿವಾರ ಹೊರಗೆ ಹೋಗಿ ನೋಡಿ ಬರುವುದು. ನಳ ಬರುವ ದಿನ ಪಾಠ ಬಂದ್. ಈ ಊರಿನಲ್ಲಿ ವಾರಕ್ಕೊಮ್ಮೆ ನೀರು ಬಂದಾಗ ಸರಸ್ವತಿಯೂ ಕೊಡ ಹಿಡಿದು ನಿಲ್ಲಬೇಕಾಗುತ್ತದೆ.

ಸಂಗಮ್ಮ ಮಂಚದ ಮೇಲಿಂದಲೇ ಕತ್ತು ಚಾಚಿ ನೋಡುತ್ತಿದ್ದಳು. "ಎಲ್ಲಾ ಬರೀ, ಖರೇ ಮೊದಲ್ ಲಿಂಗಪೂಜಿ ಬರೀ. ಮನಸ್ಸು ನಿಂತ್ರ ವಿದ್ಯಾ ಹಿಂದಿಂದ ಬರ್ತದ."

"ಆಯ್ತ್ರಿ ಅತ್ತಿ. ಅದಕ್ಕ ಮುಂಚೆ ಜರಾ ಉಸಿರಿಂದು ಇಡ್ತೀನ್ರಿ. ಟೀವ್ಯಾಗ ತೋರಸ್ತಾರಲ್ಲ, ಜೋರ್ ಜೋರ್ ಎಳದು ಬಿಡಾದು. ತಲಿ ಚುರುಕ್ ಆಗ್ತದಂತ."

ಹಾಗೆ ಹಾಳೆಯ ತುದಿಯಲ್ಲಿ, ಎಲ್ಲಕ್ಕಿಂತ ಮೇಲೆ, ಕೆಂಪು ಪೆನ್ನಿನಲ್ಲಿ ಅವಳು ಬರೆದಳು: ಬೆಳಿಗ್ಗೆ ಆರೂವರೆ, ಉಸಿರಾಟ ಮತ್ತು ಲಿಂಗಪೂಜೆ. ಹಾಳೆ ಗೋಡೆಗೇರಿತು. ಆ ಪೆನ್ನು ಅಲ್ಲೇ ಮುರಿದು ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೊದಲ ದಿನ ಅಲಕಾ ಮಿಂದು, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಸಿಕೊಂಡು, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಉಸಿರು ಎಳೆದು ಬಿಡುವುದೆಂದರೆ ಅವಳಿಗೆ ಆಟ. ಹೊಟ್ಟೆ ಒಳಗೆ ಹೊರಗೆ ಮಾಡುತ್ತ, ನಗುತ್ತ, ಕೆನ್ನೆ ಕೆಂಪಾಗುವವರೆಗೆ ಮಾಡಿದಳು. ಆಮೇಲೆ ಸಂಗಮ್ಮ ಕರಡಿಗೆಯಿಂದ ಲಿಂಗ ತೆಗೆದು ಮೊಮ್ಮಗಳ ಎಡ ಅಂಗೈಯಲ್ಲಿಟ್ಟು, "ಕಣ್ಣು ಮುಚ್ಚಬ್ಯಾಡ, ಅದನ್ನೇ ನೋಡು," ಎಂದಳು.

ಅಲಕಾ ನೋಡಿದಳು. ನೋಡುತ್ತ ನೋಡುತ್ತ ನಿಶ್ಚಲಳಾದಳು. ನಗು ಮುಖದಿಂದ ಆರಿಹೋಯಿತು. ರೆಪ್ಪೆಯ ತುದಿ ಒಂದಿಷ್ಟು ಅದುರಿತು, ತುಟಿ ಒಳಗೊಳಗೇ ಏನೋ ಅಂದುಕೊಳ್ಳುವ ಹಾಗೆ ಮಿಸುಕಿತು. ಬಿಲ್ವಪತ್ರೆ ಬಲಗೈಯಿಂದ ಜಾರಿ ನೆಲಕ್ಕೆ ಬಿದ್ದರೂ ಅವಳಿಗೆ ಅರಿವಿರಲಿಲ್ಲ.

"ತುಟಿ ನೋಡು ನೀಲಾ, ತುಟಿ ನೋಡು!" ಸಂಗಮ್ಮ ಸೊಸೆಯ ತೋಳು ಹಿಡಿದೆಳೆದಳು. "ಮಂತ್ರ ಅನ್ಲತ್ತದ ಕೂಸು! ಅನಿಮಿಷ ದೃಷ್ಟಿ ಅಂದ್ರ ಇದೇ. ಇಷ್ಟ್ ವರ್ಷ ಪೂಜಿ ಮಾಡ್ದಾ ನನಗ ಸಿಗಲಿಲ್ಲ, ಈ ಪೋರಿಗಿ ಸಿಕ್ಕದ."

ಮುದುಕಿ ಮೊಮ್ಮಗಳಿಗೇ ಕೈಮುಗಿದಳು. ಅಷ್ಟರಲ್ಲಿ ಅಲಕಾ ಕಣ್ಣು ಮಿಟುಕಿಸಿ, "ಮಮ್ಮಿ, ಭೂಕ್ ಆಗ್ಯದ, ರೊಟ್ಟಿ ಕೊಡು," ಎಂದಳು. ನೀಲಾಂಬಿಕಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೋರ್ಡಿನ ಮುಂದೆ ನಿಲ್ಲದ ಮನಸ್ಸು ಲಿಂಗದ ಮುಂದೆ ನಿಂತಿತಲ್ಲ! ದಡ್ಡತನ ಹುಡುಗಿಯದಲ್ಲ, ಶಾಲೆಯದು ಎಂದು ಅವಳು ಅಂದೇ ತೀರ್ಮಾನಿಸಿದಳು.

ಪಾಠಗಳೂ ಚೆನ್ನಾಗಿಯೇ ನಡೆದವು. ಹೋಳಿಯ ಹೊತ್ತಿಗೆ ಅಲಕಾ ಕಾಗುಣಿತ ಬರೆಯುತ್ತಿದ್ದಳು, ಯುಗಾದಿಗೆ ಅಂಗಡಿಯಲ್ಲಿ ಕೂತು ಲೋಟಗಳನ್ನು ಡಜನ್ನಿನ ಲೆಕ್ಕದಲ್ಲಿ ಜೋಡಿಸುತ್ತಿದ್ದಳು. ಆದರೆ ರವೆಯಲ್ಲಿ ಬರೆದ ಅಕ್ಷರಗಳಿಗೆ ಒಮ್ಮೊಮ್ಮೆ ಬಾಲ ಬರುತ್ತಿತ್ತು. "ಕ" ಅರ್ಧಕ್ಕೆ ಬಂದು, ಬೆರಳು ತಟ್ಟೆಯ ಅಂಚಿನವರೆಗೆ ಸುಮ್ಮನೆ ಸರಿದುಹೋಗುತ್ತಿತ್ತು. ವಚನ ಹೇಳುತ್ತಿದ್ದವಳು ನಡುವೆ ನಿಂತು, ಮತ್ತೆ ಶುರುಮಾಡಿದಾಗ ಒಂದು ಸಾಲು ಹಾರಿರುತ್ತಿತ್ತು. ಹಾಲಿನ ಲೋಟ ಕೈಯಿಂದ ಬೀಳುತ್ತಿತ್ತು. ಬೈದರೆ ಅಲಕಾ ಮಿಕಿಮಿಕಿ ನೋಡುತ್ತಿದ್ದಳು, ಯಾವ ತಪ್ಪಿಗೆ ಬೈಗುಳ ಎಂಬುದೇ ತಿಳಿಯದವಳಂತೆ.

ಒಂದು ನಳದ ದಿನ ಅಲಕಾಳ ಕೈಗೆ ಪೈಪು ಕೊಟ್ಟು, ಡ್ರಮ್ಮು ತುಂಬಿದ ಕೂಡಲೇ ಕೂಗು ಎಂದು ಹೇಳಿ ನೀಲಾಂಬಿಕಾ ಒಳಗೆ ಹೋದಳು. ಕೂಗು ಬರಲಿಲ್ಲ. ಹೊರಗೆ ಬಂದು ನೋಡಿದರೆ ಡ್ರಮ್ಮು ತುಂಬಿ, ಅಂಗಳ ತುಂಬಿ, ಬಂಗಾರದಂಥ ನೀರು ಗೇಟಿನಾಚೆ ಹರಿಯುತ್ತಿದೆ. ಅಲಕಾ ಪೈಪು ಹಿಡಿದು ನಿಂತಿದ್ದಾಳೆ, ಕಣ್ಣು ನೀರಿನ ಮೇಲಿಲ್ಲ, ಎಲ್ಲಿಯೂ ಇಲ್ಲ.

ರುಕ್ಮಿಣಿಬಾಯಿ ಗೋಡೆಯಾಚೆಯಿಂದ ನೋಡುತ್ತಿದ್ದಳು. "ಅಗಂ ನೀಲಾ, ಪೋರ್ಗಿ ಮಧೇಚ್ ಕುಠೇ ಜಾತೇ?" ಎಂದಳು. ನಡುನಡುವೆ ಈ ಹುಡುಗಿ ಎಲ್ಲಿ ಹೋಗುತ್ತಾಳೆ? ಅವಳ ಮುಖದಲ್ಲಿ ಕುಹಕವಿರಲಿಲ್ಲ, ಭಯವಿತ್ತು.

ನೀಲಾಂಬಿಕಾ ನಕ್ಕುಬಿಟ್ಟಳು. ಧ್ಯಾನದ ಗುಂಗು ಎಂದಳು. ನಕ್ಕಿದ್ದೇಕೆ ಎಂದು ಆಮೇಲೆ ಅವಳಿಗೇ ನಾಚಿಕೆಯಾಯಿತು.

ಅಂದು ಅವಳು ಗೋಡೆಯ ಹಾಳೆಯ ಮುಂದೆ ಬಹಳ ಹೊತ್ತು ನಿಂತಳು. ಟೀಚರಾದವಳು ಮಗು ಹಿಂದೆ ಬಿದ್ದರೆ ಪಾಠ ಬದಲಿಸಬೇಕು, ಮಗುವನ್ನು ಬಯ್ಯಬಾರದು. ಮನಸ್ಸು ಎಲ್ಲಿ ನಿಲ್ಲುತ್ತದೆ? ಬೆಳಗಿನ ಮೊದಲ ಪಾಠದಲ್ಲಿ ನಿಲ್ಲುತ್ತದೆ. ಹಾಗಾದರೆ ಅದನ್ನೇ ಹೆಚ್ಚಿಸೋಣ. ಉಸಿರಾಟದ ಹೊತ್ತನ್ನು ದುಪ್ಪಟ್ಟು ಮಾಡಿದಳು, ಸಂಜೆಗೂ ಒಂದು ಸಾಲು ಸೇರಿಸಿದಳು. ಹುಡುಗಿ ಇನ್ನಷ್ಟು ಹೊತ್ತು ಲಿಂಗದ ಮುಂದೆ ಮೈಮರೆತಳು. ಇನ್ನಷ್ಟು ಲೋಟ ಬಿದ್ದವು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಕಾಯುವವಳು ಬೇಲಿಗೇ ನೀರು ಹಾಕುತ್ತಿದ್ದಳು.

ಸಂಗಮ್ಮ ಸುಮ್ಮನಿರುವವಳೇ? ಊರಿನ ಕನ್ನಡ ಮನೆಗಳಿಗೆಲ್ಲ ಹೇಳಿದಳು. ಸೋಮವಾರದ ಬೆಳಿಗ್ಗೆ ಒಬ್ಬೊಬ್ಬರೇ ಬರತೊಡಗಿದರು. ಕಟ್ಟಡದ ಕೆಲಸಕ್ಕೆ ಹೋಗುವ ಮಲಕವ್ವ ತೆಂಗಿನಕಾಯಿ ಇಟ್ಟು, ಆರು ವರ್ಷದ ಹುಡುಗಿಯ ಕಾಲಿಗೆ ಹಣೆ ಹಚ್ಚಿದಳು. ಅಂಗಡಿಯಲ್ಲಿ ಗುರುಬಸವನಿಗೆ ಜನ "ಶರಣರ ತಂದಿ" ಎಂದು ಕರೆದರು. ಅವನು ಅದಕ್ಕೂ ಹೂಂ ಎಂದ. ಬಂದವರು ಹೋಗುವಾಗ ನೀಲಾಂಬಿಕಾಳ ಕೈ ಹಿಡಿದು, ಎಂಥಾ ಸಂಸ್ಕಾರ ಕೊಟ್ಟೀದಿ ತಾಯಿ ಎನ್ನುತ್ತಿದ್ದರು. ಹತ್ತು ವರ್ಷದಲ್ಲಿ ಯಾರೂ ಅವಳಿಗೆ ಅಂಥ ಮಾತು ಆಡಿರಲಿಲ್ಲ. ಆ ಮಾತು ಅವಳಿಗೆ ಬೇಕಿತ್ತು, ಬಾಯಾರಿದವಳಿಗೆ ನೀರು ಬೇಕಾದಷ್ಟು ಬೇಕಿತ್ತು.

ಅಂಥದೊಂದು ಸೋಮವಾರವೇ ಅವಳು ಆ ನೊಣ ನೋಡಿದ್ದು. ಮಾವಿನಹಣ್ಣಿನ ಕಾಲದ ನೊಣ. ಅಲಕಾ ಲಿಂಗ ಹಿಡಿದು ಮೈಮರೆತಾಗ ಅದು ಹಾರಿ ಬಂದು ಅವಳ ಕೆನ್ನೆಯ ಮೇಲೆ ಕೂತಿತು. ಕೆನ್ನೆಯಿಂದ ಕಣ್ಣಿನ ಅಂಚಿಗೆ ನಡೆಯಿತು. ತೆರೆದ ಕಣ್ಣು, ತೇವದ ಕಣ್ಣು. ಅಲಕಾ ಕೊಡವಲಿಲ್ಲ, ಮುಖ ತಿರುಗಿಸಲಿಲ್ಲ. ಸುತ್ತ ಕೂತವರು ಆಹಾ ಎಂದರು. ಸೆರಗಿನಿಂದ ನೊಣ ಓಡಿಸಿ ನೀಲಾಂಬಿಕಾ ಒಳಗೆ ಹೋಗಿ ಒಲೆಯ ಮುಂದೆ ನಿಂತಳು.

ನಾಗರಪಂಚಮಿಗೆ ನಾದಿನಿ ಉಮಾಶ್ರೀ ನಾಸಿಕದಿಂದ ತವರಿಗೆ ಬಂದಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಎಲ್ಲರೂ ಸಾಲಾಗಿ ಕೂತು ಉಂಡಿ ತಿನ್ನುತ್ತಿದ್ದಾಗ ಅಲಕಾಳ ಬಾಯಿ ನಿಂತಿತು. ಅರ್ಧ ಕಚ್ಚಿದ ಶೇಂಗಾದ ಉಂಡಿ ತುಟಿಯಲ್ಲೇ ಉಳಿಯಿತು.

"ಏನಾತ್ ಇಕಿಗಿ?" ಎಂದು ಉಮಾಶ್ರೀ ಅವಳ ಮುಖದ ಮುಂದೆ ಕೈ ಆಡಿಸಿದಳು.

"ಸುಮ್ಮಿರು ಉಮಾ, ಶಿವನ ಕೂಡ ಅದಾಳ," ಎಂದಳು ಸಂಗಮ್ಮ.

"ಬಾಯಾಗ ಶೇಂಗಾದುಂಡಿ ಇಟ್ಕೊಂಡು ಎಂಥಾ ಶಿವ ಅವ್ವಾ? ಲಿಂಗ ಕೈಯಾಗಿದ್ರ ಧ್ಯಾನ ಅನ್ನು, ಒಪ್ತೀನಿ. ಉಂಡಿ ಕೈಯಾಗಿದ್ರೂ ಧ್ಯಾನೇನು?" ಅವಳು ನೀಲಾಂಬಿಕಾಳ ಕಡೆ ತಿರುಗಿದಳು. "ವೈನಿ, ನೀವರ ನೋಡ್ರಿ. ನಾಸಿಕ್‌ದಾಗ ನಮ್ಮ ಮನಿ ಬಾಜೂಕ ಮಕ್ಕಳ ತಲಿ ನೋಡಾ ಡಾಕ್ಟರ್ ಅದಾರ. ಒಮ್ಮಿ ತೋರ್ಸರಿ."

"ತಲಿ ಡಾಕ್ಟ್ರಾ?" ಸಂಗಮ್ಮ ಕೆಂಡವಾದಳು. "ನನ್ನ ಮೊಮ್ಮಗಳಿಗಿ ಹುಚ್ಚ್ ಹಿಡದದ ಅಂತಿಯೇನ? ಹಬ್ಬಕ್ಕ ಬಂದೀದಿ, ಉಂಡು ಹೋಗು."

ಒಂದೇ ಒಂದು ಮಾತು ಸಾಕಿತ್ತು. ಉಮಾಶ್ರೀ ಅದಕ್ಕಾಗಿ ಕಾಯುತ್ತ ಕೂತಿದ್ದಳು. ನೀಲಾಂಬಿಕಾಳ ನಾಲಿಗೆಯ ತುದಿಗೆ ನೊಣದ ಮಾತು ಬಂದಿತ್ತು. ಅದರ ಹಿಂದೆಯೇ ಸೋಮವಾರದ ಜನ ಬಂದರು, ಗೋಡೆಯ ಹಾಳೆ ಬಂತು, ಅದಕ್ಕೇ ಮತ್ತೆ ಎಂದ ಮ್ಯಾಡಂ ಬಂದಳು. "ಹಂಗೇನಿಲ್ಲ ಉಮಾ," ಎಂದಳು. "ಸಣ್ಣ ಮಕ್ಕಳು, ಹಂಗೇ ಇರ್ತಾವ." ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಉಮಾಶ್ರೀ ಹೋಗುವಾಗ ಬಾಗಿಲಲ್ಲಿ ನಿಂತು, "ಯಾವಾಗರ ಫೋನ್ ಮಾಡ್ರಿ ವೈನಿ, ನಾ ಎತ್ತತೀನಿ," ಎಂದಳು. ಸಂಗಮ್ಮ ಮುಖ ತಿರುಗಿಸಿಕೊಂಡು ಕೂತಿದ್ದಳು.

ಶ್ರಾವಣದ ಮುಂದಿನ ಶನಿವಾರ ತಾಯಿ ಮಗಳು ಗುಹೆಗಳ ಊರು ವೇರೂಳಿಗೆ ಹೋದರು. ಹಾಳೆಯಲ್ಲಿ ಬರೆದಿತ್ತಲ್ಲ, ಶನಿವಾರ ಹೊರಗೆ ನೋಡುವುದು. ಘೃಷ್ಣೇಶ್ವರನ ದರ್ಶನ ಮುಗಿಸಿ ಗುಹೆಗಳಿಗೆ ಬಂದರು. ಸಣ್ಣ ಮಳೆ ಬಂದು ನಿಂತಿತ್ತು. ಬಂಡೆಯೆಲ್ಲ ಹಸಿ, ಎಲ್ಲಿ ನೋಡಿದರೂ ಹಸಿರು. ಕೈಲಾಸ ದೇವಾಲಯವನ್ನು ಕೆಳಗಿನಿಂದ ನೋಡಿ, ಮೇಲಿನಿಂದ ಹೇಗೆ ಕಾಣುತ್ತದೆ ತೋರಿಸುತ್ತೇನೆ ಬಾ ಎಂದು ನೀಲಾಂಬಿಕಾ ಗುಡ್ಡದ ದಾರಿ ಹಿಡಿದಳು. ಕಲ್ಲನ್ನು ಮೇಲಿನಿಂದ ಕೆಳಕ್ಕೆ ಕೆತ್ತುತ್ತ ಹೋದರು ಎಂಬ ಪಾಠವನ್ನು ಅವಳು ಹಿಂದಿನ ದಿನವೇ ತಯಾರು ಮಾಡಿಕೊಂಡಿದ್ದಳು.

ಅಲಕಾ ಮುಂದೆ ಮುಂದೆ ಓಡಿದಳು. ಏರು ದಾರಿ, ಪುಟ್ಟ ಎದೆ ಏದುಸಿರು ಬಿಡುತ್ತಿತ್ತು. "ಸಾವಕಾಶ ಹೋಗೇ!" ಎಂದು ನೀಲಾಂಬಿಕಾ ಹಿಂದಿನಿಂದ ಕೂಗಿದಳು. ಮೇಲೆ ಮುಟ್ಟಿದ ಹುಡುಗಿ ದಾರಿ ಬಿಟ್ಟು, ಹುಲ್ಲಿನ ಮೇಲೆ ನಿಂತು, ಕೆಳಗೆ ಬೆರಳು ಮಾಡಿದಳು. "ಮಮ್ಮಿ, ಹಾಥೀ! ಕಲ್ಲಿನ ಆನಿ! ಒಂದ್ ಆನಿ, ಎರಡ್ ಆನಿ..."

ಮಾತು ನಿಂತಿತು. ಬೆರಳು ಗಾಳಿಯಲ್ಲೇ ಉಳಿಯಿತು. ಕಾಲು ಮಾತ್ರ ನಿಲ್ಲಲಿಲ್ಲ. ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಯಾರೋ ಕೈಹಿಡಿದು ನಡೆಸುವ ಹಾಗೆ, ಅಂಚಿನ ಕಡೆಗೆ.

"ಅಲಕಾ!"

ಹುಡುಗಿ ತಿರುಗಲಿಲ್ಲ. ಯಾರೋ ಹೆಂಗಸು ಚೀರಿದಳು. ನೀಲಾಂಬಿಕಾ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಕೈಗೆ ಸಿಕ್ಕ ಜಡೆ ಹಿಡಿದು ಎಳೆದಳು. ಇಬ್ಬರೂ ಹಸಿ ಬಂಡೆಯ ಮೇಲೆ ಉರುಳಿದರು. ಅಲಕಾಳ ಒಂದು ಚಪ್ಪಲಿ ಅಂಚಿನಾಚೆ ಹೋಯಿತು, ಅದು ಕೆಳಗೆ ಬಿದ್ದ ಸದ್ದು ಬಹಳ ಹೊತ್ತು ಬರಲಿಲ್ಲ.

ಮಗಳ ಮುಖ ಅವಳ ಮುಖದ ಕೆಳಗೇ ಇತ್ತು. ಅದೇ ಅರೆಬಿಟ್ಟ ತುಟಿ, ಅದೇ ಮಿಸುಕಾಟ. ಅಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ. ತುಟಿಯಲ್ಲಿ ಮಂತ್ರವಿರಲಿಲ್ಲ, ಅಕ್ಷರವೂ ಇರಲಿಲ್ಲ. ಕೈಯಲ್ಲಿ ಲಿಂಗವಿರಲಿಲ್ಲ. ಆ ಕಣ್ಣಿನ ಹಿಂದೆ ಅವಳ ಮಗಳೇ ಇರಲಿಲ್ಲ.

"...ಮೂರ್ ಆನಿ," ಎಂದಳು ಅಲಕಾ. ತಾನು ನೆಲದ ಮೇಲೆ ಮಲಗಿರುವುದನ್ನು ನೋಡಿ ಗಾಬರಿಯಾಗಿ ಅಳತೊಡಗಿದಳು. "ಮಮ್ಮಿ, ಯಾಕ್ ಹೊಡದಿ?"

ನೀಲಾಂಬಿಕಾ ಅಲ್ಲೇ ಕೂತು ಉಮಾಶ್ರೀಗೆ ಫೋನು ಮಾಡಿದಳು. ಉಮಾ, ಆ ಡಾಕ್ಟರಿಗೆ ತೋರಿಸಬೇಕು ಎಂದಳು. "ಸೋಮವಾರ ಬರ್ರಿ ವೈನಿ," ಎಂದಳು ಅವಳು. "ನಾ ನಂಬರ್ ಹಚ್ಚಿ ಇಡ್ತೀನಿ."

ಸೋಮವಾರ ನಸುಕಿನಲ್ಲೇ ಮೂವರೂ ಹೊರಟಾಗ ಸಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. ಮಂದಿ ಬರ್ತಾರ, ಏನ್ ಹೇಳ್ಲಿ ಎಂದಳು. "ಬಂದ್ರ ಚಹಾ ಮಾಡಿ ಕೊಡು," ಎಂದ ಗುರುಬಸವ. ಹೂಂ ಬಿಟ್ಟು ತಾಯಿಗೆ ಅವನು ಬೇರೆ ಮಾತು ಹೇಳಿದ್ದು ಅದೇ ಮೊದಲು.

ನಾಸಿಕದಲ್ಲಿ ಉಮಾಶ್ರೀ ಕರೆದುಕೊಂಡು ಹೋದ ಡಾಕ್ಟರು ಕೂದಲು ನೆರೆತ, ನಿಧಾನದ ಮನುಷ್ಯ. ಮರಾಠಿಯಲ್ಲಿ ಎಲ್ಲವನ್ನೂ ಕೇಳಿಕೊಂಡರು. ಬೀಳುತ್ತಾಳೆಯೇ, ಜ್ವರ ಬಂದಿತ್ತೇ, ಮನೆಯಲ್ಲಿ ಯಾರಿಗಾದರೂ ಇತ್ತೇ. ಆಮೇಲೆ ಒಂದು ಕಾಗದದ ಪಟ್ಟಿ ಹರಿದು ಅಲಕಾಳ ಮುಖದ ಮುಂದೆ ಹಿಡಿದು, ಇದು ಹಾರುತ್ತಲೇ ಇರಬೇಕು, ಜೋರಾಗಿ ಊದುತ್ತಾ ಇರು ನೋಡೋಣ ಎಂದರು.

ಅಲಕಾಳ ಮುಖ ಅರಳಿತು. "ಮಲಾ ಯೇತೇ! ಮಮ್ಮಿ ರೋಜ್ ಕರೂನ್ ಘೇತೇ!" ನನಗೆ ಬರುತ್ತದೆ, ಮಮ್ಮಿ ದಿನಾ ಮಾಡಿಸುತ್ತಾಳೆ. ಡಾಕ್ಟರು ತಲೆಯೆತ್ತಿ ನೀಲಾಂಬಿಕಾಳನ್ನು ನೋಡಿದರು.

ಹುಡುಗಿ ಊದಿದಳು. ಜಾಣೆ, ಕಲಿಸಿದ ಹಾಗೆಯೇ ಊದಿದಳು, ಹೊಟ್ಟೆ ಒಳಗೆ ಹೊರಗೆ ಮಾಡುತ್ತ, ಕೆನ್ನೆ ಕೆಂಪಾಗುವವರೆಗೆ. ಕಾಗದ ಪಟಪಟ ಹಾರಿತು, ಹಾರುತ್ತಲೇ ಇತ್ತು. ಆಮೇಲೆ ಸುಮ್ಮನೆ ಕೆಳಗೆ ಜೋತುಬಿತ್ತು. ಹುಡುಗಿಯ ಕಣ್ಣು ತೆರೆದೇ ಇತ್ತು. ರೆಪ್ಪೆ ಅದುರಿತು, ತುಟಿ ಮಿಸುಕಿತು. ಆರು ತಿಂಗಳು ಮಣೆಯ ಮೇಲೆ ಕಂಡ ಧ್ಯಾನ, ಮಂದಿ ಕಾಯಿ ಒಡೆದು ಕೈಮುಗಿದ ಧ್ಯಾನ, ಫಿನಾಯಿಲ್ ವಾಸನೆಯ ಆ ಕೋಣೆಯಲ್ಲಿ, ಒಂದು ಹರಿದ ಕಾಗದದ ಮುಂದೆ ಕೂತಿತ್ತು.

ಡಾಕ್ಟರು ಮೆಲ್ಲಗೆ ಹೇಳಿದರು. ಬಿದ್ದು ನೊರೆ ಬಂದರೆ ಮಾತ್ರ ಫಿಟ್ಸ್ ಅಲ್ಲ, ಇದೂ ಫಿಟ್ಸೇ. ಔಷಧವಿದೆ, ಬಹಳ ಮಕ್ಕಳಿಗೆ ಹಿಡಿತಕ್ಕೆ ಬರುತ್ತದೆ, ಆದರೆ ತಡವಾಗಿದೆ, ಮೊದಲು ಪರೀಕ್ಷೆ ಮಾಡಿ ನೋಡಬೇಕು. ಉಸಿರು ಹೀಗೆ ಜೋರಾಗಿ ಎಳೆದು ಬಿಟ್ಟರೆ ಒಳಗಿದ್ದದ್ದು ಎದ್ದು ಬರುತ್ತದೆ, ಅದಕ್ಕೇ ಊದಲು ಹೇಳಿದ್ದು. ಹೇಳಿ, ಪೆನ್ನು ತೆಗೆದುಕೊಂಡು ಕೇಳಿದರು: ಮನೆಯಲ್ಲಿ ಇದು ಸಾಮಾನ್ಯವಾಗಿ ಯಾವ ಹೊತ್ತಿನಲ್ಲಿ ಬರುತ್ತದೆ, ಲಕ್ಷ್ಯ ಕೊಟ್ಟು ನೋಡಿದ್ದೀರಾ?

ಹತ್ತು ವರ್ಷ ಆಡಿದ ಮರಾಠಿ ನೀಲಾಂಬಿಕಾಳ ಬಾಯಿಂದ ಅಳಿಸಿಹೋಗಿತ್ತು. ಅವಳು ಕನ್ನಡದಲ್ಲಿ ಹೇಳಿದಳು.

"ಮುಂಜಾನಿ ಆರೂವರಿಗಿ ಬರ್ತದ್ರಿ. ಮತ್ತ ಸಂಜೀಗಿ. ನಾನೇ ಟೈಮ್ ಹಾಕಿ ಕರಸ್ತಿದ್ದೆ ರೀ."

ಡಾಕ್ಟರಿಗೆ ತಿಳಿಯಲಿಲ್ಲ. ಉಮಾಶ್ರೀಯ ಮುಖ ನೋಡಿದರು. ಎಲ್ಲದಕ್ಕೂ ಬಾಯಿ ಇದ್ದ ಉಮಾಶ್ರೀಗೆ ಅದನ್ನು ಮರಾಠಿಯಲ್ಲಿ ಹೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಅಲಕಾ ಕಣ್ಣು ಮಿಟುಕಿಸಿ, ಜೋತುಬಿದ್ದ ಕಾಗದವನ್ನು ನೋಡಿದಳು. "ಛಲೋ ಊದ್ದೆನಲ್ಲ ಮಮ್ಮಿ? ಇನ್ನೊಮ್ಮಿ ಊದ್ಲಿ?" ಎಂದು ಉಸಿರು ಎಳೆದುಕೊಂಡಳು. ನೀಲಾಂಬಿಕಾ ಎರಡೂ ಕೈಯಿಂದ ಅವಳ ಬಾಯಿ ಮುಚ್ಚಿದಳು.